ಮುಂಜಾನೆ ಎಂಟಕ್ಕ

ಯುಗಾದಿಗೆ ಹಾಕಿದ ಬ್ಲೇಡು
ಶೀಗಿ ಹುಣ್ಣಿವಿಗೂ ಹರಿತ ಇತ್ತು.
ಮೊದಲ ಗೊತ್ತಾಗಿದ್ದು ಅಷ್ಟ.

ಮುಂದ ಹುಬ್ಬಳ್ಳಿ ಲೋಕೋ ಶೆಡ್ಡಿನ್ಯಾಗ
ಒಂದ ಜಗ್ಗಿಗೆ ಸಡ್ಲ ಆಗತಿದ್ದ ನಟ್ಟಿಗೆ
ಹುಡುಗ ಮೆಹಬೂಬನ್ನ ಕರೀಬೇಕಾತು.
ನಲವತ್ತಾರಕ್ಕ ಹಿಂಗ ಆಗೂದ, ಅಂದೆ.
ಬುತ್ತಿ ಬಿಚ್ಚೂದ್ರಾಗ ನಿದ್ದಿ ಬಂತು.
ನೈಟ್ ಶಿಫ್ಟ್, ಅಂದೆ.
ರಾತ್ರಿ ಗ್ವಾಡಿ ಕಡೆ ಹೊಳ್ಳಿ ಮಲಗಿದೆ.
ಅದಕ್ಕೇನೂ ಅನ್ನಲಿಲ್ಲ.

ಸ್ಟೇಷನ್ ಕಂಪೌಂಡಿನ ಹಳದಿ ಅಕ್ಷರ
ಇಪ್ಪತ್ತು ವರ್ಷ ನಕ್ಕೋತ ದಾಟಿದಾಂವ.
ಲಾಡ್ಜಿನ ರೂಮು, ತಿಂಗಳ ಎರಡನೇ ಮಂಗಳವಾರ,
ಖಾತ್ರಿ ಗುಣ.
ಒಂದಿನ ಸೈಕಲ್ ನಿಲ್ಲಿಸಿ
ಅಂಗೈ ಮ್ಯಾಲೆ ನಂಬರ್ ಬರಕೊಳ್ಳಾಕ ಹೋದೆ.
ಗ್ರೀಸಿನ ಕೈ. ಪೆನ್ನು ಮೂಡಲಿಲ್ಲ.

ರೊಟ್ಟಿ ಬಡಿಕೋತ ಸಾವಂತ್ರಿ ಅಂದಳು:
ಮೊಣಕಾಲ ನೋವಂದ್ರ ವಾರದಾಗ ದವಾಖಾನಿ,
ಇದಕ್ಕ ವರ್ಷ ಕಾಯತೀರಿ.
ನನ್ನ ಸಲುವಾಗಿ ಬ್ಯಾಡ್ರಿ.
ನೀವು ನಕ್ಕು ಎಷ್ಟ ದಿನ ಆತು?

ವಿದ್ಯಾನಗರದ ಡಾಕ್ಟರು ಹೆಣಮಗಳು.
ಹೇಳೂದಕ್ಕ ಮೊದಲ ಫ್ಯಾನಿನ ರೆಕ್ಕಿ ಎಣಿಸಿದೆ, ಮೂರ ಇದ್ದವು,
ಮತ್ತ ಎಣಿಸಿದೆ.
ತಲಿ ಎತ್ತದ ಬರಕೊಂಡರು,
ಜ್ವರಾ ಎಷ್ಟ ದಿನ ಅಂತ ಕೇಳಿದಂಗ ಕೇಳಿದರು.
ಮುಂಜಾನೆ ಎಂಟಕ್ಕ ರಕ್ತ ಕೊಡ್ರಿ, ಖಾಲಿ ಹೊಟ್ಟಿಲೆ.
ಕಡಿಮಿ ಬಂದ್ರ ಇನ್ನೊಂದ ದಿನ ಮತ್ತ.
ಒಂದ ಸಲದ ಅಳತಿ ನಂಬಿ
ನೀವಾದ್ರೂ ಬೇರಿಂಗ್ ಬದಲಸತೀರೇನು?

ಇಲ್ರಿ, ಅಂದೆ.

ಈಗ ಲ್ಯಾಬಿನ ಮುಂದ ಕುಂತೀನಿ. ಏಳೂವರಿ.
ಬಾಕಿನ ಮ್ಯಾಲೆ ನಾಕ ಮಂದಿ ಗಂಡಸರು,
ಹಸದ ಮಾರಿ, ಕೈಯಾಗ ಮಡಚಿದ ಚೀಟಿ.
ಏನ ಟೆಸ್ಟ್ ಅಂತ ಒಬ್ಬಾಂವ ಕೇಳಿದ.
ಎಲ್ಲಾರೂ ಶುಗರ್ ಅಂದರು.
ನಾನೂ.