ಸುಣ್ಣದ ಡಬ್ಬಿಯ ಲೆಕ್ಕ

ಕೆಟಿಜೆ ನಗರದ ಅಡ್ಡರಸ್ತೆ, ನನ್ನ ಲೇತಿನ ಮುಂದೆ
ಸ್ಟೂಲಿನ ಮೇಲೆ ಕೂತು ಕೊಟ್ರವ್ವ ಕೇಳಿದಳು:
'ಒಂದು ಸುಣ್ಣದ ಡಬ್ಬಿ. ಹಿತ್ತಾಳಿದು. ಎಷ್ಟಾಕೈತಿ?'

ಎಲೆಯಂಗಡಿಯಲ್ಲಿ ಪ್ಲಾಸ್ಟಿಕ್ಕಿನದು ಹತ್ತು ರೂಪಾಯಿ, ಎಂದೆ.
ಬಲಗೈ ಎತ್ತಿ ತೋರಿಸಿದಳು. ಹೆಬ್ಬೆರಳಿಲ್ಲ.
ಹಳೇ ಮಿಲ್ಲು, ಕಾರ್ಡಿಂಗ್ ಖಾತೆ, ಎಂಬತ್ತೆರಡನೇ ಇಸವಿ.
'ನಾಕು ಸುತ್ತು ತಿರುವಾಕ ಆಗಂಗಿಲ್ಲಪ್ಪ.
ಒಂದೇ ಸುತ್ತಿಗೆ ಬಿಚ್ಚಬೇಕು,
ಸಂಚಿಯೊಳಗ ತಾನೇ ಬಿಚ್ಚಬಾರದು.'

ಕರೆಂಟು ಬಿಲ್ಲಿನ ಬೆನ್ನಿಗೆ ಬರೆಯತೊಡಗಿದೆ.
ಮೂವತ್ತು ಮಿಲ್ಲಿ ಸರಳು, ಐವತ್ತು ಉದ್ದ: ಮುನ್ನೂರು ಗ್ರಾಂ.
ಕಿಲೋಗೆ ಆರುನೂರೈವತ್ತು; ನೂರತೊಂಬತ್ತೈದಾಯಿತು.
ಗಂಟೆಗೆ ಮುನ್ನೂರು ಮಜೂರಿ, ಒಂದೂವರೆ ಗಂಟೆ.
ಅಲ್ಲಿ ಪೆನ್ನು ನಿಂತಿತು.
ಒಂದೇ ಸುತ್ತೆಂದರೆ ನಾಲ್ಕು ಬಾಯಿಯ ಥ್ರೆಡ್ಡು.
ಗೇರು ಬದಲಿಸಬೇಕು, ಮೊಣಕೈತನಕ ಗ್ರೀಸು,
ಒಂದು ಬಾಯಿ ಮುಗಿದರೆ ಕಾಲುಸುತ್ತು ಸರಿಸಿ ಮತ್ತೆ ಶುರು.
ಅಪ್ಪ ಇದನ್ನು ಕಣ್ಮುಚ್ಚಿ ಮಾಡುತ್ತಿದ್ದ ಎನ್ನುತ್ತಾರೆ ಜನ.
ಸುಳ್ಳು. ಬೈಯುತ್ತ ಮಾಡುತ್ತಿದ್ದ.
ಅದಕ್ಕೊಂದು ನೂರೈವತ್ತು.
ಒಟ್ಟು ಏಳುನೂರ ತೊಂಬತ್ತೈದು.

ಹುಬ್ಬು ಕೂಡ ಎತ್ತಲಿಲ್ಲ ಅವಳು.
'ಆದಮ್ಯಾಲೆ ಡಬ್ಬಿ ಎಷ್ಟು ತೂಗತೈತಿ?'
'ನೂರಹತ್ತು ಗ್ರಾಂ.'
'ಮುನ್ನೂರಕ್ಕ ರೊಕ್ಕ ಹಿಡದೀಯಲ್ಲ. ಉಳದದ್ದು?'

ಉಳಿದದ್ದು ತಟ್ಟೆಗೆ ಉದುರುತ್ತದೆ ನವಣೆ ಹೊಟ್ಟಿನ ಹಾಗೆ,
ಚಪ್ಪಲಿಗಂಟಿ ಮನೆತನಕ ಬಂದು
ಮಗಳು ಓದುವ ಚಾಪೆಯ ಮೇಲೆ ಮಿಂಚುತ್ತದೆ.
ಚೀಲ ತುಂಬಿದಾಗ ಗುಜರಿಯ ಅಲ್ಲಾಬಕ್ಷ
ತಕ್ಕಡಿ ಹಿಡಿದು ಬರುತ್ತಾನೆ.
ಆ ದುಡ್ಡಿನ ಲೆಕ್ಕ ಯಾವತ್ತೂ
ಯಾರಿಗೂ ಕೊಟ್ಟವನಲ್ಲ ನಾನು.

'ಮಿಲ್ಲಿನಾಗ ಕಸದ ಹತ್ತಿಗೂ ತೂಕ ಇತ್ತು,' ಎಂದಳು.
'ಸಂಜಿಗೆ ಗೇಟಿನಾಗ ಸೆರಗು ಝಾಡಿಸಿ ನೋಡೋರು.
ಬೆರಳು ಯಾವ ಖಾತೆಗೆ ಬರಕೊಂಡರೋ
ಗೊತ್ತಿಲ್ಲಪ್ಪ.'

ನೂರತೊಂಬತ್ತು ಗ್ರಾಂ, ಗುಜರಿ ದರ ನಾನೂರು:
ಎಪ್ಪತ್ತಾರು ಕಳೆದೆ.

ಗುರುವಾರ ಬಂದಳು. ಬಿಚ್ಚಿದಳು, ಮುಚ್ಚಿದಳು, ಬಿಚ್ಚಿದಳು.
ಒಂದು ಕಡೆ ಹಿಡಿಯಿತು; ಎಮರಿ ಕಾಗದ ಆಡಿಸಿ ಕೊಟ್ಟೆ.
ನಾಲ್ಕು ಬೆರಳು, ಅಂಗೈಯ ಒತ್ತು, ಒಂದು ಸುತ್ತು.
ಏಳುನೂರ ಹತ್ತೊಂಬತ್ತು ಎಣಿಸಿಟ್ಟಳು,
ಹತ್ತೊಂಬತ್ತನ್ನು ಚಿಲ್ಲರೆಯಲ್ಲಿ.

ಬುಧವಾರ ರಾತ್ರಿ ಕೆಟ್ಟ ಮೊದಲ ಮುಚ್ಚಳ,
ಮೂರನೇ ಬಾಯಿಯಲ್ಲಿ ದಾರಿ ತಪ್ಪಿದ್ದು,
ಅವಳಿಗೆ ತೋರಿಸಲಿಲ್ಲ.
ತೂತು ಕೊರೆದು ಬೀಗದ ಕೈಗೆ ಸಿಕ್ಕಿಸಿಕೊಂಡಿದ್ದೇನೆ.
ಜೇಬಿನಲ್ಲಿ ನಲವತ್ತು ಗ್ರಾಂ,
ಇನ್ನೂ ಯಾವ ಬಿಲ್ಲಿಗೂ ಹತ್ತದ್ದು.