ನೆಗ್ಗು

ಮೊದಮೊದಲು ನನ್ನ ವಿಮಾನಕ್ಕೆ ಸಾವಿರಲಿಲ್ಲ.
ಚಂದ್ರಚೂಡೇಶ್ವರನ ಬೆಟ್ಟಕ್ಕೆ ಮೂಗು ಗುದ್ದಿದರೂ
ಪರದೆ ಒಮ್ಮೆ ಕಪ್ಪಾಗಿ,
ಮತ್ತೆ ರನ್‌ವೇಯ ತುದಿಯಲ್ಲಿ
ಆಗ ತಾನೆ ಇಸ್ತ್ರಿಯಾದ ಅಂಗಿಯ ಹಾಗೆ ನಿಂತಿರುತ್ತಿತ್ತು.
ನಾಚಿಕೆಯಿಲ್ಲದ್ದು.

ಹಗಲೆಲ್ಲ ನಾನು ಹೊಸೂರಿನ ಕಾರ್ಖಾನೆಯಲ್ಲಿ
ವಾಲ್ವುಗಳನ್ನು ದೀಪಕ್ಕೆ ಹಿಡಿದು
ಕೂದಲೆಳೆ ಬಿರುಕಿದ್ದರೂ ಕೆಂಪು ಡಬ್ಬಿಗೆ ಎಸೆಯುವವಳು.
ರಾತ್ರಿ ಮತ್ತಿಗಿರಿಯ ಮಹಡಿ ಕೋಣೆಯಲ್ಲಿ
ಬಿರುಕನ್ನೇ ಬರೆಯಲು ಕೂತೆ:
ರೆಕ್ಕೆ ಎಲ್ಲಿ ಮುರಿಯಬೇಕು, ಎಷ್ಟು ಭಾರಕ್ಕೆ,
ಹೊಗೆ ಯಾವ ಬಣ್ಣ.
ಬರೆದದ್ದೆಲ್ಲ ದೀಪಾವಳಿಯಾಯಿತು.
ಕಿತ್ತಳೆ ಬೆಂಕಿ, ಢಮಾರ್,
ಹಪ್ಪಳ ಮುರಿದಂತೆ ಎರಡೇ ತುಂಡು.
ಅಕ್ಕನ ಮಗ ಚರಣ ನಕ್ಕ:
"ಚಿಕ್ಕಮ್ಮ, ನಿನ್ನ ವಿಮಾನ ಸಾಯೋ ನಾಟಕ ಆಡ್ತದೆ."

ಬಾಗಲೂರು ರಸ್ತೆಯಲ್ಲಿ ದಸ್ತಗೀರ್ ಸಾಬರ ಟಿಂಕರಿಂಗ್ ಶೆಡ್ಡು.
ಬೋರ್ಡು ತಮಿಳು, ಬೈಗುಳ ತೆಲುಗು,
ಲೆಕ್ಕ ಉರ್ದು, ನನ್ನೊಡನೆ ಕನ್ನಡ.
ನಲವತ್ತು ವರ್ಷ ಅಪಘಾತಗಳನ್ನು
ಕೊನೆಯ ಪುಟದಿಂದ ಓದಿದ ಮನುಷ್ಯ.
ಬಾಗಿಲ ಮೇಲೆ ಅಂಗೈ ಸವರಿ ಹೇಳುತ್ತಾರೆ:
"ಇವನು ಬ್ರೇಕ್ ಹಾಕಿಲ್ಲ. ಇವನು ಹಾಕ್ದ, ತಡವಾಗಿ.
ಇದು ಕಂಬ ಅಲ್ಲ ಅಮ್ಮಣ್ಣಿ, ಎಮ್ಮೆ."

ಫೋನಿನಲ್ಲಿ ಸದ್ದು ಹಿಡಿಯಲು ಹೋದವಳಿಗೆ
ಹಳೆಯದೊಂದು ಬಾನೆಟ್ಟು ಎಳೆದುಕೊಟ್ಟು, ಸುತ್ತಿಗೆ ಕೊಟ್ಟರು.
ಹೊಡಿ.
ಹೊಡೆದೆ.
"ನೋಡು, ಮೊದಲು ಬಣ್ಣಕ್ಕೆ ಗೊತ್ತಾಗುತ್ತೆ.
ಆಮೇಲೆ ತಗಡು ಮುನಿಸ್ಕೊಳ್ಳುತ್ತೆ, ಸುಕ್ಕಾಗುತ್ತೆ.
ಹರಿಯೋದು ಕೊನೇಗೆ, ಬೇರೆ ದಾರಿ ಇಲ್ಲದಾಗ.
ಏಟು ಇಲ್ಲಿ ಬಿತ್ತಾ? ನೋವು ಅಲ್ಲಿ ಹುಡುಕು."
ಮೊಳದಾಚೆ ಒಂದು ಸ್ಕ್ರೂ
ಸದ್ದಿಲ್ಲದೆ ಸಡಿಲವಾಗಿತ್ತು.

ಹನ್ನೊಂದು ವಾರ.
ಬೆಂಕಿ ತೆಗೆದೆ.
ಉದುರುವ ಬಣ್ಣದ ಚಕ್ಕೆಗಳನ್ನು ಹಾಕಿದೆ,
ರಿವೆಟ್ಟುಗಳು ಒಂದೊಂದಾಗಿ
ಜೋಳದ ಅರಳಿನಂತೆ ಸಿಡಿಯುವುದನ್ನು,
ಮೂಗಿಗೆ ಬಿದ್ದರೆ ಬಾಲ ನಡುಗುವುದನ್ನು,
ಬಿದ್ದಾದ ಮೇಲಿನದ್ದನ್ನು:
ತೊಟ್ಟಿಕ್ಕುವ ಪೆಟ್ರೋಲು,
ಬಿಸಿ ಎಂಜಿನ್ನು ತಣಿಯುವ ಟಿಕ್ ಟಿಕ್,
ಯಾರೂ ಆರಿಸದ ರೇಡಿಯೋ,
ಗಾಳಿಗೆ ಇನ್ನೂ ತಿರುಗುತ್ತಿರುವ ಒಂದೇ ಚಕ್ರ.
ಆ ಚಕ್ರ ಬರೆದ ರಾತ್ರಿ ನಿದ್ದೆ ಬರಲಿಲ್ಲ.
ಪೈಲಟ್ ಸೀಟಿನಲ್ಲಿ ನಾನು ಯಾರನ್ನೂ ಕೂರಿಸಿರಲಿಲ್ಲ.
ಈಗಲೂ ಕೂರಿಸಿಲ್ಲ.

ಶುಕ್ರವಾರ ನಮಾಜು ಮುಗಿಸಿ ಸಾಬರು ಬಂದರು.
ಜಾಯ್‌ಸ್ಟಿಕ್ಕನ್ನು ಬಿಸಿ ಚಹದ ಲೋಟದಂತೆ ಹಿಡಿದರು.
ಕೆಡವಿ ನೋಡಿ, ಎಂದೆ.
ಕೆಡವಲಿಲ್ಲ.
ಗುಲಾಬಿ ಬೆಳೆವ ಪಾಲಿಹೌಸುಗಳ ಮೇಲೆ,
ಕೆಲವರಪಲ್ಲಿಯ ನೊರೆನೀರಿನ ಮೇಲೆ,
ಸುತ್ತಿದರು, ಸುತ್ತಿದರು.
"ನನ್ನ ಶೆಡ್ಡು ಎಲ್ಲಿ?"
ಆ ರಸ್ತೆಗೆ ನಾನು ಬರೀ ಕಂದು ಚೌಕಗಳನ್ನು ಹಾಕಿ ಬಿಟ್ಟಿದ್ದೆ.
ಹುಡುಕುತ್ತಲೇ ಇಂಧನ ತೀರಿತು.

ರಾಗಿ ಹೊಲಕ್ಕೆ ಹೊಟ್ಟೆ ಉಜ್ಜಿಕೊಂಡು ಇಳಿಯಿತು ವಿಮಾನ.
ಎಡರೆಕ್ಕೆ ಮಡಚಿತು,
ಮೊದಲು ಬಣ್ಣ, ಆಮೇಲೆ ಸುಕ್ಕು.
ಸಾಬರು ಕನ್ನಡಕ ಹಣೆಗೇರಿಸಿ
ಪರದೆಗೆ ಮುಖ ತಂದು ನೋಡಿದರು.
"ಸರಿ ಇದೆ" ಎಂದರು. ಅಷ್ಟೇ.
ಸ್ವಲ್ಪ ಹೊತ್ತು ಬಿಟ್ಟು: "ಸುತ್ತಿಗೆ ಯಾವ ಬಟನ್ನು?"

ಆರ್ ಒತ್ತಿದೆ.
ರನ್‌ವೇ. ಬಿಳಿ. ಇಸ್ತ್ರಿ ಅಂಗಿ.
ಅವರ ಮುಖ ಸಣ್ಣಗಾಯಿತು.
"ಇದು ರಿಪೇರಿ ಅಲ್ಲಮ್ಮಣ್ಣಿ. ಇದು ಬೇರೆ ಗಾಡಿ."
ಚಹ ಕುಡಿಯದೆ ಹೋದರು, ಯಾರದೋ ಆಟೋ ಕಾಯುತ್ತಿತ್ತಂತೆ.

ಆಮೇಲೆ ಒಂದು ಸಾಲು ಸೇರಿಸಿದೆ;
ಸೇರಿಸಿದ್ದಲ್ಲ, ಇದ್ದದ್ದನ್ನು ಅಳಿಸಿದೆ.
ಈಗ ಅದು ಬಿದ್ದರೆ, ಬಿದ್ದದ್ದು ಅದಕ್ಕೆ ನೆನಪಿರುತ್ತದೆ.
ಪುಟ್ಟಿ ಮೆತ್ತಿಸಿಕೊಂಡು, ಉಜ್ಜಿಸಿಕೊಂಡು,
ಪ್ರೈಮರ್ ಬಳಿಸಿಕೊಂಡು ಏಳುತ್ತದೆ.
ಸಂಜೆ ಬಿಸಿಲು ಅಡ್ಡ ಬಿದ್ದಾಗ ಮಾತ್ರ
ಎಡರೆಕ್ಕೆಯಲ್ಲೊಂದು ಅಲೆ ಕಾಣುತ್ತದೆ.
ಹಾರುವಾಗ ಒಂದಿಷ್ಟು ಎಡಕ್ಕೆ ಎಳೆಯುತ್ತದೆ.
ತಳಿಯವರೆಗೂ ಕೈಯನ್ನು
ಬಲಕ್ಕೆ ಒತ್ತಿ ಹಿಡಿದಿರಬೇಕು.
ಹಿಡಿದಿರುತ್ತೇನೆ.