ಒಂದು ಉದ್ದ, ಎರಡು ಗಿಡ್ಡ

ಈದ್‌ಗೆ ಇನ್ನ ಹನ್ನೊಂದು ದಿನ.
ಅಜ್ಮಾನಿನ ಸನಾಯಿಯಾದಾಗ, ಟೈರ್ ಅಂಗಡಿ ಹಿಂದಿನ ಶೆಡ್ಡಿನಾಗ
ನೂರಾ ನಲವತ್ತು ಅಬಾಯಾದ ತೋಳು
ಕಸೂತಿ ಕಾಯುತ್ತ ರಾಶಿ ಬಿದ್ದಾವ.
ಆರು ತಲಿಯ ಮಷಿನ್ನು ಸೂಜಿ ಮ್ಯಾಲೆತ್ತಿ ನಿಂತೈತಿ,
ಹೇಳಾವ್ರಿಲ್ಲದ ಆಳಿನ ಹಂಗ.

ಹೇಳಬೇಕಾದ್ದು ಮೂಲ್ಯಾಗಿನ ಕಂಪ್ಯೂಟರು.
ಒಂದು ಕಾಲಕ್ಕ ಬಿಳಿ, ಈಗ ಎಲಿ ತಿಂದ ಹಲ್ಲಿನ ಬಣ್ಣ.
ಅದರ ಹೊಟ್ಟ್ಯಾಗ ಎಲ್ಲಾ ಐತಿ: ಬಳ್ಳಿ, ನವಿಲುಗರಿ, ಖರ್ಜೂರದ ಗೊನಿ,
ಮುದುಕ್ಯಾರಷ್ಟ ಕೇಳೂ ಆ ಹಳೇ ಅಂಚು.
ಭಾಳ ಮೆತ್ತಗ ಆಗೇತಿ ಅಂತ ಅರ್ಬಾಬ್
ದೇರಾದಿಂದ ಒಂದು ಪಟ್ಟಿ ರ‍್ಯಾಮ್ ತಂದು ಕೈಗಿಟ್ಟ.
ನಾನಽ ಹಾಕಿದ್ನಿ. ಕ್ಲಿಪ್ಪು ಟಕ್ ಅಂತು. ಬಟನ್ ಒತ್ತಿದ್ನಿ.

ಪೀಂ... ಪಿಂ ಪಿಂ.
ಕರೀ ಪರದೆ.
ಪೀಂ... ಪಿಂ ಪಿಂ.

ಗುಲ್‌ನವಾಜ್ ಉಫ್ ಅಂತ ಊದಿದ, ಹನ್ನೆರಡು ವರ್ಷದ ಮರಳು
ಅವನ ಗಡ್ಡಕ್ಕ ಬಂದು ಕುಂತಿತು.
ಮೊಫಿಜುಲ್ ಮಗ್ಗಲಿಗೆ ಎರಡು ಬಾರಿಸಿದ, ಊರಾಗ ಟೀವಿಗೆ ಹಿಂಗಽ ಅಂತ.
"ಖಲ್ಲಿವಲ್ಲಿ, ಹೊಸಾದು ತರೂಣು" ಅಂದ ಅರ್ಬಾಬ್.
ತರಬಹುದು. ಆದರ ಮಷಿನ್ನಿನ ದಪ್ಪ ವಾಯರು
ಹೊಸಾದರ ಯಾವ ಕಿವ್ಯಾಗೂ ಹೋಗೂದಿಲ್ಲ.

ಶಾರ್ಜಾದ ಅಯ್ಯೂಬಗ ಫೋನ್ ಹಚ್ಚಿದ್ನಿ, ಉಪ್ಪಿನಂಗಡಿಯಾವ.
"ಎಂತ ಮಾರಾಯ್ರೆ, ಮೊದ್ಲು ಅದು ಹೇಳುವುದನ್ನು ಕೇಳಿ.
ಎಷ್ಟು ಉದ್ದ? ಎಷ್ಟು ಗಿಡ್ಡ?"
ಒಂದು ಉದ್ದ, ಎರಡು ಗಿಡ್ಡ.
ಗುರು ಲಘು ಲಘು.
ಭಗಣ! ನನಗಽ ನಗಿ ಬಂತು.
ರಬಕವಿ ಸಾಲ್ಯಾಗ ಪ್ರಸ್ತಾರ ತಪ್ಪಿ ಬೆಂಚಿನ ಮ್ಯಾಲ ನಿಂತಾವ ನಾನು,
ಇಲ್ಲಿ ಒಂದು ತಗಡಿನ ಡಬ್ಬಿ ತಪ್ಪಿಲ್ಲದ ಒಪ್ಪಸಾಕತ್ತಿತ್ತು.

"ಹಾಗಾದ್ರೆ ಮೆಮೊರಿ ಅಲ್ಲ. ಪರದೆಯ ಕಾರ್ಡು."
ಖರೇ. ರ‍್ಯಾಮ್ ಒತ್ತುವಾಗ ಬೋರ್ಡು ಬಗ್ಗಿ
ನೆರಿಮನಿ ಕಾರ್ಡು ಒಂದು ಕೂದಲೆಳಿಯಷ್ಟು ಎದ್ದಿತ್ತು.
ತಗದು, ಅದರ ಬಂಗಾರದ ಹಲ್ಲು ರಬ್ಬರಿಲೆ ತಿಕ್ಕಿದ್ನಿ.
ಮಗ್ಗದ ಜಕಾರ್ಡ್ ಪಟ್ಟಿಯ ತೂತಿನಾಗ ಹತ್ತಿ ಸಿಗಬಿದ್ದು
ಸೆರಗಿನ ಆನಿಗೆ ಕಾಲು ಕಡಿಮಿ ಬಿದ್ದಾಗ
ಶಂಕ್ರವ್ವಕ್ಕ ದಬ್ಬಣ ಹಿಡದು ಹಿಂಗಽ ಕುಂಡ್ರತಿದ್ದಳು,
ಉಸಿರು ಬಿಗಿಹಿಡದು, ಬೈಕೋತ.

ಪರದೆ ಬೆಳಗಿತು. ಬೆಳಗಿ ಅಂತು:
ಒಂದು ಜನವರಿ ಹತ್ತೊಂಬತ್ತು ನೂರಾ ತೊಂಬತ್ತೆಂಟು.
ಡಿಸ್ಕು: ಇಲ್ಲ.
ಬಳ್ಳಿ ಇಲ್ಲ, ಗರಿ ಇಲ್ಲ, ಮುದುಕ್ಯಾರ ಅಂಚೂ ಇಲ್ಲ.

ಒಳಗಿನ ಬಿಲ್ಲಿ ಸೆಲ್ಲು ಯಾವಾಗೋ ಸತ್ತಿತ್ತು.
ಇಲ್ಲಿ ಕರೆಂಟು ಹೋಗೂದಿಲ್ಲ, ವಾಯರು ಯಾರೂ ಕಿತ್ತಿರಲಿಲ್ಲ,
ಗ್ವಾಡಿ ಹಿಡಕೊಂಡಽ ನೆನಪು ಉಳಿಸಿಕೊಂಡಿತ್ತು ಪಾಪ.
ಇಪ್ಪತ್ತು ನಿಮಿಷ ನಾನು ಕಿತ್ತಿಟ್ಟಿದ್ದಕ್ಕ
ಎಲ್ಲಾ ಮರತು ಹುಟ್ಟಿದ ದಿನಕ್ಕ ಹೋಗಿ ಕುಂತಿತ್ತು.

ಮೊಫಿಜುಲ್ ಬಖಾಲಾಕ್ಕ ಓಡಿ ನಾಕು ದಿರ್ಹಮಿನ ಸೆಲ್ಲು ತಂದ,
ಕಾರಿನ ಚಾವಿಗೆ ಹಾಕೂವಂಥಾದ್ದು.
ತಾರೀಖು ತುಂಬಿದ್ನಿ, ತಾಸು ತುಂಬಿದ್ನಿ.
ಡಿಸ್ಕು ಹುಡುಕು ಅಂದ್ನಿ.
ಕರ್ ಕರ್ ಅಂತು. ತಡೀತು. ಮತ್ತ ಕರ್ ಅಂತು.
ಗುಲ್‌ನವಾಜ್ ಬಾಯಾಗ ಏನೋ ಓದಿಕೊಂಡ.
ಸಿಕ್ಕಿತು.

ಹೊಸಾ ರ‍್ಯಾಮನ್ನ ಅದು ಲೆಕ್ಕಕ್ಕಽ ಹಿಡೀಲಿಲ್ಲ.
ಕಿತ್ತು, ಮುರಿದ ಸೂಜಿಗಳ ಡಬ್ಬ್ಯಾಗ ಒಗದ್ನಿ.
ಸಂಜಿಮುಂದ ಅರ್ಬಾಬ್ ಬಂದು ಆರು ಸೂಜಿಯ ಸಪ್ಪಳ ಕೇಳಿದ.
"ಈಗ ಜೋರು ಆತಲ್ಲ?"
"ಭಾಳ ಜೋರು, ಬಾಬಾ."
ನನಗ್ಗೊತ್ತಿತ್ತು, ಅಂತ ಕೈ ಹಿಂದ ಕಟ್ಟಿಕೊಂಡು ಹ್ವಾದ.

ಪ್ಲಗ್ಗಿನ ಮ್ಯಾಲ ಗುಲ್‌ನವಾಜ್ ಟೇಪು ಹಚ್ಚಿ ಉರ್ದುವಿನಾಗ ಬರದ,
ಮೊಫಿಜುಲ್ ಬಂಗಾಲಿಯಾಗ ಬರದ.
ಸ್ವಲ್ಪ ಜಾಗ ಉಳದಿತ್ತು.
ಈ ಶೆಡ್ಡಿನಾಗ ಓದಾವ ನಾನೊಬ್ಬನಽ,
ಆದರೂ ಬರದ್ನಿ:
ಕೀಳಬ್ಯಾಡ್ರಿ.